ಮರೆವು ಬಂದ ಗಣಕಕ್ಕೆ ನಲವತ್ತು ರೂಪಾಯಿ ಮದ್ದು

ದಸರಾ ರಜೆ ಮುಗಿದು ಶಾಲೆ ತೆರೆದ ವಾರದ ಮಾತು. ಚಿಕ್ಕಬಳ್ಳಾಪುರದ ಶಾಲೆಯೊಂದರಲ್ಲಿ ಪಾಠ ಮುಗಿಸಿ ಹೊರಬರುತ್ತಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಓಡಿಬಂದಳು. "ಸಾರ್, ಕಂಪ್ಯೂಟರ್‌ಗೆ ತಲೆ ಕೆಟ್ಟೋಗೈತೆ. ಸ್ವಲ್ಪ ಬಂದು ನೋಡಿ ಸಾರ್" ಎಂದಳು. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಅವಳು ಕುಳಿತಿದ್ದಳು. ಅರ್ಜಿಗೆ ಉಳಿದಿದ್ದುದು ಎರಡೇ ದಿನ. ಪರದೆಯ ಮೇಲೆ ಮಾತ್ರ, ಈ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಎಷ್ಟು ಸಲ ಪ್ರಯತ್ನಿಸಿದರೂ ಅದೇ ಉತ್ತರ.

ಪರದೆಯ ಬಲಮೂಲೆಯಲ್ಲಿ ತಾರೀಕು ನೋಡಿದೆ. 2009ರ ಜನವರಿ 1! ಆ ಹುಡುಗಿ ಆಗಿನ್ನೂ ಹುಟ್ಟಿಯೇ ಇರಲಿಲ್ಲ.

ತಾರೀಕನ್ನು ಕೈಯಿಂದ ಸರಿಪಡಿಸಿದ ಕೂಡಲೇ ಪುಟ ತೆರೆಯಿತು, ಅರ್ಜಿ ಹೋಯಿತು. ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಗಣಕ ಮತ್ತೆ 2009ಕ್ಕೇ ಹಿಂತಿರುಗಿತ್ತು. ಪಕ್ಕದ ಉಗ್ರಾಣದಲ್ಲಿ ಇಂಥವೇ ಏಳು ಗಣಕಗಳು ಮುಸುಕು ಹೊದ್ದು ಕುಳಿತಿದ್ದವು. ಪ್ರತಿಯೊಂದರ ಮೇಲೂ 'ಕೆಟ್ಟಿದೆ' ಎಂಬ ಚೀಟಿ. ವಿಲೇವಾರಿಯ ಪಟ್ಟಿಯಲ್ಲಿ ಅವುಗಳ ಹೆಸರು ಆಗಲೇ ಸೇರಿಹೋಗಿತ್ತು.

ನಾವು ಅವನ್ನು ಒಂದೊಂದಾಗಿ ಬಿಚ್ಚಿದೆವು. ಎರಡರಲ್ಲಿ ನಿಜಕ್ಕೂ ದೋಷವಿತ್ತು. ಉಳಿದ ಐದರಲ್ಲಿ ಸತ್ತಿದ್ದುದು ಒಂದೇ ವಸ್ತು: ಒಂದು ರೂಪಾಯಿ ನಾಣ್ಯದಷ್ಟು ಅಗಲದ, ಮೂವತ್ತು ನಲವತ್ತು ರೂಪಾಯಿ ಬೆಲೆಯ ಬಟನ್ ಸೆಲ್. ಐದು ಸೆಲ್ ತಂದು ಹಾಕಿದೆವು. ಐದೂ ಗಣಕಗಳು ಎದ್ದು ಕುಳಿತವು. ಇನ್ನೂರು ರೂಪಾಯಿಯಲ್ಲಿ ಐದು ಗಣಕ!

ಈ ಪುಟ್ಟ ಸೆಲ್ಲಿನ ಕಥೆ ದೊಡ್ಡದು. ನಾನು ಕೆಲಸ ಮಾಡಿದ, ಓಡಾಡಿದ ನಾಲ್ಕು ಊರುಗಳಲ್ಲೂ ಅದು ಬೇರೆ ಬೇರೆ ವೇಷದಲ್ಲಿ ಎದುರಾಗಿದೆ. ಪ್ರತಿ ಸಲವೂ ಒಂದಲ್ಲ ಒಂದು ಪಾಠ ಕಲಿಸಿದೆ.

ಮರೆಯುವ ನೆನಪು, ಮರೆಯದ ನೆನಪು

ಗಣಕದ ನೆನಪಿನಲ್ಲಿ ಹಲವು ಬಗೆ. ಒಂದು ಸ್ಲೇಟಿನಂತೆ. ವಿದ್ಯುತ್ ಇರುವವರೆಗೆ ಬರೆದದ್ದು ಇರುತ್ತದೆ. ವಿದ್ಯುತ್ ಹೋದರೆ ಒರೆಸಿಹೋಗುತ್ತದೆ. ಇದು ರ್‍ಯಾಮ್. ಇನ್ನೊಂದು ಕಲ್ಲಿನ ಶಾಸನದಂತೆ. ವಿದ್ಯುತ್ ಇರಲಿ ಬಿಡಲಿ, ಕೆತ್ತಿದ್ದು ಅಳಿಯುವುದಿಲ್ಲ. ಇದು ರಾಮ್.

ಆದರೆ ಈ ಎರಡರ ನಡುವಿನ ಕೆಲಸ ಒಂದಿದೆ. ಇವತ್ತು ತಾರೀಕು ಎಷ್ಟು, ಗಂಟೆ ಎಷ್ಟು, ಯಂತ್ರಕ್ಕೆ ಯಾವ ಡಿಸ್ಕ್ ಜೋಡಿಸಿದೆ ಎಂಬ ವಿಷಯಗಳನ್ನು ಕಲ್ಲಿನಲ್ಲಿ ಕೆತ್ತಲಾಗದು, ಏಕೆಂದರೆ ಅವು ಬದಲಾಗುತ್ತವೆ. ಸ್ಲೇಟಿನಲ್ಲೂ ಬರೆಯಲಾಗದು, ಏಕೆಂದರೆ ರಾತ್ರಿ ಸ್ವಿಚ್ ಆರಿಸಿದರೆ ಅಳಿಸಿಹೋಗುತ್ತವೆ. ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ದಾರಿ ನಮ್ಮ ದೇವಸ್ಥಾನದ ನಂದಾದೀಪದಂಥದ್ದು. ಅತ್ಯಲ್ಪ ವಿದ್ಯುತ್ತಿನಲ್ಲಿ ಬದುಕಬಲ್ಲ ಸಿಮಾಸ್ ಎಂಬ ಬಗೆಯ ನೆನಪನ್ನು ಬಳಸಿ, ಅದಕ್ಕೊಂದು ಪುಟ್ಟ ಸೆಲ್ ಜೋಡಿಸುವುದು. ಮುಖ್ಯ ವಿದ್ಯುತ್ ಇಲ್ಲದಾಗ ಆ ಸೆಲ್ ತೊಟ್ಟು ತೊಟ್ಟಾಗಿ ಎಣ್ಣೆ ಎರೆಯುತ್ತಿರುತ್ತದೆ.

ಐ.ಬಿ.ಎಂ. ಸಂಸ್ಥೆ 1984ರಲ್ಲಿ ಹೊರತಂದ ಪಿ.ಸಿ. ಎ.ಟಿ. ಎಂಬ ಗಣಕದಲ್ಲಿ ಮೊಟೊರೋಲಾ ಕಂಪನಿಯ ಇಂಥದೊಂದು ಗಡಿಯಾರದ ಚಿಪ್ ಇತ್ತು. ಅದರ ಒಟ್ಟು ನೆನಪು ಬರೀ 64 ಬೈಟ್. ಅದರಲ್ಲಿ 14 ಬೈಟ್ ಗಡಿಯಾರಕ್ಕೆ, ಉಳಿದ 50 ಬೈಟ್ ಯಂತ್ರದ ವಿವರಗಳಿಗೆ. ಒಂದು ಅಂಚೆ ಕಾರ್ಡಿನ ವಿಳಾಸದಷ್ಟು ಮಾಹಿತಿ! ಅಷ್ಟು ಅಳಿದರೆ ಸಾಕು, ಲಕ್ಷ ರೂಪಾಯಿಯ ಯಂತ್ರ ತಾನು ಯಾರೆಂದು ತಿಳಿಯದೆ ತಬ್ಬಿಬ್ಬಾಗುತ್ತದೆ.

ಇಂದಿನ ಅನೇಕ ಗಣಕಗಳಲ್ಲಿ ಯಂತ್ರದ ವಿವರಗಳು ವಿದ್ಯುತ್ ಬೇಡದ ಫ್ಲ್ಯಾಶ್ ನೆನಪಿಗೆ ವರ್ಗವಾಗಿವೆ. ಆದರೂ ಗಡಿಯಾರ ನಡೆಯಲು ಸೆಲ್ ಬೇಕೇ ಬೇಕು. ಕಾಲ ಯಾರಿಗೂ ಕಾಯುವುದಿಲ್ಲವಲ್ಲ.

ಇನ್ನು ಆ ಹುಡುಗಿಯ ಅರ್ಜಿ ಏಕೆ ಹೋಗಲಿಲ್ಲ? ಸುರಕ್ಷಿತ ಅಂತರ್ಜಾಲ ತಾಣಗಳಿಗೆ ಒಂದು ಪ್ರಮಾಣಪತ್ರ ಇರುತ್ತದೆ. ಬಸ್ ಪಾಸಿನಂತೆ ಅದಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಉಂಟು. ಗಣಕ ತಾನು 2009ರಲ್ಲಿದ್ದೇನೆಂದು ತಿಳಿದಿತ್ತು. ಹಾಗಾಗಿ, ಈ ಪಾಸಿನ ಅವಧಿ ಇನ್ನೂ ಶುರುವೇ ಆಗಿಲ್ಲ ಎಂದು ಬಾಗಿಲು ಹಾಕಿತು. ತಪ್ಪು ತಾಣದ್ದಲ್ಲ, ಹುಡುಗಿಯದೂ ಅಲ್ಲ.

ಸೆಲ್ ಎಷ್ಟು ದಿನ ಬಾಳುತ್ತದೆ?

ಗಣಕದ ಅಂಗಡಿಯಲ್ಲಿ ಈ ಸೆಲ್ಲನ್ನು 2032 ಎಂದು ಕೇಳುತ್ತಾರೆ. ಆ ಸಂಖ್ಯೆಯೇ ಅದರ ಅಳತೆ. 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ. ಒಳಗೆ ಲೀಥಿಯಂ ಲೋಹ ಒಂದು ಕಡೆ, ಮ್ಯಾಂಗನೀಸ್ ಡೈಆಕ್ಸೈಡ್ ಇನ್ನೊಂದು ಕಡೆ. ಎಲೆಕ್ಟ್ರಾನ್ ಬಿಟ್ಟುಕೊಡಲು ಲೀಥಿಯಂ ಬಹಳ ಆತುರದ ಲೋಹ. ಆದ್ದರಿಂದಲೇ ಟಾರ್ಚಿನ ಸತುವಿನ ಸೆಲ್ 1.5 ವೋಲ್ಟ್ ಕೊಟ್ಟರೆ, ಇದು 3 ವೋಲ್ಟ್ ಕೊಡುತ್ತದೆ.

ಮಕ್ಕಳು ಇಲ್ಲೊಂದು ಲೆಕ್ಕ ಮಾಡಬಹುದು. ಈ ಸೆಲ್ಲಿನ ಸಾಮರ್ಥ್ಯ ಸುಮಾರು 220 ಮಿಲಿ ಆಂಪಿಯರ್ ಗಂಟೆ. ಗಡಿಯಾರದ ಚಿಪ್ 5 ಮೈಕ್ರೋ ಆಂಪಿಯರ್ ಎಳೆಯುತ್ತದೆ ಎನ್ನೋಣ. ಭಾಗಿಸಿದರೆ 44,000 ಗಂಟೆ. ವರ್ಷಕ್ಕೆ 8,760 ಗಂಟೆಯಂತೆ ಅದು ಸುಮಾರು ಐದು ವರ್ಷ.

ಇಲ್ಲೊಂದು ವಿಚಿತ್ರವಿದೆ. ಗಣಕಕ್ಕೆ ಗೋಡೆಯ ವಿದ್ಯುತ್ ಸಿಗುತ್ತಿರುವಾಗ ಸೆಲ್ ಹೆಚ್ಚುಕಡಿಮೆ ವಿಶ್ರಾಂತಿಯಲ್ಲಿರುತ್ತದೆ. ಗೋಡೆಯ ಸ್ವಿಚ್ ಆರಿಸಿದಾಗಲೇ ಅದರ ದುಡಿಮೆ ಆರಂಭ. ಅಂದರೆ ದಿನವೂ ಬಳಸುವ ಗಣಕದ ಸೆಲ್ ಹೆಚ್ಚು ಕಾಲ ಬಾಳುತ್ತದೆ. ಮಕ್ಕಳು ಕೆಡಿಸಿಯಾರು ಎಂದು ಬೀಗ ಹಾಕಿಟ್ಟ ಗಣಕದ ಸೆಲ್ ಬೇಗ ಸಾಯುತ್ತದೆ! ಶಾಲೆಗಳಲ್ಲಿ ಗಣಕಗಳು 'ತಾನಾಗಿಯೇ' ಕೆಡುವುದರ ಹಿಂದಿನ ಗುಟ್ಟು ಬಹುಮಟ್ಟಿಗೆ ಇದೇ.

ಶಿಡ್ಲಘಟ್ಟ: ಕಳೆದುಹೋಗದ ರೇಷ್ಮೆ ಲೆಕ್ಕ

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, 1998ರಲ್ಲಿ, ಶಿಡ್ಲಘಟ್ಟದಲ್ಲಿ ನಡೆದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗೂಡು, ನೂಲು, ಬಿಚ್ಚಾಣಿಕೆ ಎಂದು ಇಡೀ ಊರೇ ರೇಷ್ಮೆಯ ಸುತ್ತ ತಿರುಗುವ ಪಟ್ಟಣ ಅದು. ನೂಲಿನ ವ್ಯಾಪಾರಿಯೊಬ್ಬರು ಆ ಕಾಲಕ್ಕೇ ಗಣಕ ಕೊಂಡು, ಸಾಲ, ಮುಂಗಡ, ಬಾಕಿ ಎಲ್ಲವನ್ನೂ ಅದರಲ್ಲೇ ಬರೆಸಿಟ್ಟಿದ್ದರು. ಒಂದು ಬೆಳಿಗ್ಗೆ ಗಣಕ, ಡಿಸ್ಕ್ ಇಲ್ಲ ಎಂದುಬಿಟ್ಟಿತು. ರಿಪೇರಿಯವನು ಬಂದು, ಡಿಸ್ಕ್ ಹೋಗಿದೆ, ಹೊಸದು ಹಾಕಬೇಕು ಎಂದ. ವ್ಯಾಪಾರಿಗೆ ಊಟ ಸೇರಲಿಲ್ಲ. ಯಾರು ಎಷ್ಟು ಕೊಡಬೇಕೆಂಬ ಲೆಕ್ಕವೇ ಹೋದರೆ ವ್ಯಾಪಾರವೇ ಹೋದಂತೆ. ಮಗ್ಗುಲ ಮನೆಯವರಾದ್ದರಿಂದ, "ಮೇಷ್ಟ್ರೇ, ನೀವೊಂದು ಸಲ ನೋಡಿ" ಎಂದರು.

ಆಗಿನ ಗಣಕಗಳಿಗೆ ಡಿಸ್ಕಿನ ಅಳತೆಯನ್ನು ನಾವೇ ಹೇಳಿಕೊಡಬೇಕಿತ್ತು. ಎಷ್ಟು ಸಿಲಿಂಡರ್, ಎಷ್ಟು ಹೆಡ್, ಎಷ್ಟು ಸೆಕ್ಟರ್ ಎಂಬ ಮೂರು ಸಂಖ್ಯೆಗಳು ಸೆಲ್ಲಿನ ಆಸರೆಯ ನೆನಪಿನಲ್ಲಿರುತ್ತಿದ್ದವು. ಸೆಲ್ ಸತ್ತರೆ ಸಂಖ್ಯೆ ಮರೆತುಹೋಗುತ್ತದೆ. ಸಂಖ್ಯೆ ಮರೆತರೆ ಡಿಸ್ಕ್ ಇದ್ದರೂ ಇಲ್ಲದಂತೆ. ಪಹಣಿ ಕಳೆದರೆ ಹೊಲ ಕಳೆದುಹೋಗುತ್ತದೆಯೇ? ಹಾಗೆಯೇ ಇದೂ.

ಡಿಸ್ಕನ್ನು ಹೊರತೆಗೆದು ನೋಡಿದರೆ ಅದರ ಬೆನ್ನಿನ ಚೀಟಿಯಲ್ಲೇ ಅಚ್ಚಾಗಿತ್ತು: 977 ಸಿಲಿಂಡರ್, 5 ಹೆಡ್, 17 ಸೆಕ್ಟರ್. ಗುಣಿಸಿದರೆ 83,045 ಸೆಕ್ಟರ್. ಒಂದೊಂದರಲ್ಲಿ 512 ಬೈಟ್. ಒಟ್ಟು 4,25,19,040 ಬೈಟ್. ಅಂದರೆ ಆ ಕಾಲದ 40 ಮೆಗಾಬೈಟ್ ಡಿಸ್ಕ್. ಮೂರು ಸಂಖ್ಯೆಗಳನ್ನು ಟೈಪು ಮಾಡಿ ಉಳಿಸಿದ ಕೂಡಲೇ ಯಂತ್ರ ಎದ್ದಿತು. ಖಾತೆಗಳು ಒಂದಕ್ಷರ ಬಿಡದೆ ಅಲ್ಲಿಯೇ ಇದ್ದವು. ವ್ಯಾಪಾರಿ ಅಂದಿನಿಂದ ವಾರಕ್ಕೊಮ್ಮೆ ಲೆಕ್ಕವನ್ನು ಫ್ಲಾಪಿಗೆ ನಕಲು ಮಾಡಿಸುವ ರೂಢಿ ಇಟ್ಟುಕೊಂಡರು. ಆ ಮೂರು ಸಂಖ್ಯೆಗಳನ್ನು ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ಬರೆಸಿದರು.

ಚಿಂತಾಮಣಿ: ಅರಿಶಿನ ಕೆಂಪಾದಾಗ

ಸೆಲ್ ಸತ್ತು ಸುಮ್ಮನಿದ್ದರೆ ಪುಣ್ಯ. ಕೆಲವು ಸತ್ತ ಮೇಲೆ ಕಾಟ ಕೊಡುತ್ತವೆ. 1980 ಮತ್ತು 90ರ ದಶಕಗಳ ಅನೇಕ ಮದರ್‌ಬೋರ್ಡ್‌ಗಳಲ್ಲಿ ನಾಣ್ಯದಂಥ ಸೆಲ್ ಇರಲಿಲ್ಲ. ಪುಟ್ಟ ಪೀಪಾಯಿಯ ಆಕಾರದ, ನೀಲಿ ಅಥವಾ ಹಸಿರು ಹೊದಿಕೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ನೇರವಾಗಿ ಬೆಸೆದಿರುತ್ತಿದ್ದರು. 1.2 ವೋಲ್ಟಿನ ಮೂರು ಕೋಶ ಸೇರಿ 3.6 ವೋಲ್ಟ್. ಇವು ವಯಸ್ಸಾದಂತೆ ಸೋರುತ್ತವೆ.

ಚಿಂತಾಮಣಿಯ ಗೆಳೆಯರೊಬ್ಬರ ಅಟ್ಟದ ಮೇಲೆ ಸಿಕ್ಕ 386 ಗಣಕವನ್ನು ಬಿಚ್ಚಿದಾಗ ಬ್ಯಾಟರಿಯ ಸುತ್ತ ಹಸಿರು-ನೀಲಿ ಹುಡಿ ಕಟ್ಟಿತ್ತು. ತಾಮ್ರದ ಗೆರೆಗಳು ಅಲ್ಲಲ್ಲಿ ತುಂಡಾಗಿದ್ದವು. ಮಕ್ಕಳನ್ನು ಕರೆದು ಕೇಳಿದೆ, "ಇದು ಆಮ್ಲವೋ, ಪ್ರತ್ಯಾಮ್ಲವೋ?" ಬ್ಯಾಟರಿ ಎಂದರೆ ಆಸಿಡ್ ಎಂದು ಎಲ್ಲರೂ ಆಮ್ಲ ಎಂದೇ ಹೇಳಿದರು. ಲಿಟ್ಮಸ್ ಕಾಗದ ಇರಲಿಲ್ಲ. ಅಡುಗೆಮನೆಯಿಂದ ಅರಿಶಿನ ತರಿಸಿ, ನೀರಲ್ಲಿ ಕಲಸಿ ಕಾಗದಕ್ಕೆ ಹಚ್ಚಿ, ಆ ಹುಡಿಗೆ ತಾಗಿಸಿದೆವು. ಹಳದಿ ಕಾಗದ ಕುಂಕುಮದಂತೆ ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದನ್ನು ಕಾಣದ ಮನೆ ನಮ್ಮಲ್ಲಿಲ್ಲ. ಅದೇ ರಸಾಯನ ಇಲ್ಲಿಯೂ. ಕಾರಿನ ಬ್ಯಾಟರಿಯಲ್ಲಿ ಗಂಧಕಾಮ್ಲವಿದ್ದರೆ, ಇದರಲ್ಲಿರುವುದು ಪೊಟಾಸಿಯಂ ಹೈಡ್ರಾಕ್ಸೈಡ್ ಎಂಬ ಪ್ರಬಲ ಪ್ರತ್ಯಾಮ್ಲ.

ಪ್ರತ್ಯಾಮ್ಲಕ್ಕೆ ಮದ್ದು ದುರ್ಬಲ ಆಮ್ಲ. ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಹತ್ತಿಯ ಕಡ್ಡಿಯಿಂದ ವಿನೆಗರ್ ಹಚ್ಚಿದೆವು. ಸಣ್ಣಗೆ ನೊರೆ ಎದ್ದಿತು. ಸೋರಿದ ದ್ರವ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟ್ ಆಗಿರುತ್ತದೆ; ಆಮ್ಲ ತಾಗಿದಾಗ ಅದೇ ಅನಿಲ ಗುಳ್ಳೆಯಾಗಿ ಹೊರಬರುತ್ತದೆ. ಆಮೇಲೆ ಭಟ್ಟಿಯಿಳಿಸಿದ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಮುರಿದ ಗೆರೆಗಳಿಗೆ ಕೂದಲಿನಂಥ ತಾಮ್ರದ ತಂತಿ ಬೆಸೆದೆವು. ವಿನೆಗರ್ ಇಲ್ಲದಿದ್ದರೆ ನಿಂಬೆರಸವೂ ಆದೀತು. ಆದರೆ ಅದನ್ನೂ ತೊಳೆಯಲೇಬೇಕು. ಉಳಿದ ಆಮ್ಲವೂ ತಾಮ್ರವನ್ನು ತಿನ್ನುತ್ತದೆ.

ಬ್ಯಾಟರಿಯ ಜಾಗಕ್ಕೆ ಏನು ಹಾಕುವುದು? ಆ ಬೋರ್ಡು ಹಳೆಯ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿತ್ತು. ಚಾರ್ಜ್ ಮಾಡಬಾರದ ಸೆಲ್ಲನ್ನು ಅಲ್ಲಿ ಜೋಡಿಸಿದರೆ ಅದು ಸಿಡಿಯಬಹುದು. ಆದ್ದರಿಂದ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡನ್ನು ನಡುವೆ ಹಾಕಿದೆವು. ಮೂರು ಸಣ್ಣ ಟಾರ್ಚ್ ಸೆಲ್ ಸೇರಿ 4.5 ವೋಲ್ಟ್, ಡಯೋಡಿನಲ್ಲಿ 0.7 ಕಳೆದು ಉಳಿದದ್ದು 3.8 ವೋಲ್ಟ್. ಬೇಕಾದದ್ದೂ ಸುಮಾರು ಅಷ್ಟೇ. ಆ ಗಣಕ ಎದ್ದಾಗ ತೋರಿಸಿದ ವರ್ಷ 1980. ಡಾಸ್ ವ್ಯವಸ್ಥೆಯ ಪಾಲಿಗೆ ಜಗತ್ತು ಆರಂಭವಾಗುವುದೇ 1980ರ ಜನವರಿ 1ರಂದು.

ಗೌರಿಬಿದನೂರು: ಹೆಸರು ಮರೆತ ವರ್ಕ್‌ಸ್ಟೇಷನ್

ಕೆಲವು ವರ್ಷಗಳ ಹಿಂದೆ ಗೌರಿಬಿದನೂರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಗುಜರಿಯಿಂದ ತೂಕದ ಲೆಕ್ಕದಲ್ಲಿ ಒಂದು ಚಪ್ಪಟೆ ಪೆಟ್ಟಿಗೆ ತಂದ. "ಸಾರ್, ಇದು ಪಿ.ಸಿ. ಅಲ್ಲ, ಬೇರೇನೋ ಇದೆ" ಎಂದ. ನೋಡಿದರೆ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಸ್ಪಾರ್ಕ್‌ಸ್ಟೇಷನ್ 5. 1994ರ ಮಾದರಿ.

ವರ್ಕ್‌ಸ್ಟೇಷನ್ ಎಂದರೆ ವಿಜ್ಞಾನಿ, ಎಂಜಿನಿಯರುಗಳ ಭಾರೀ ಲೆಕ್ಕಗಳಿಗೆಂದೇ ಮಾಡಿದ ಗಣಕ. ಸನ್ ಕಂಪನಿಯನ್ನು 1982ರಲ್ಲಿ ಕಟ್ಟಿದ ನಾಲ್ವರಲ್ಲಿ ಭಾರತದ ವಿನೋದ್ ಖೋಸ್ಲಾ ಒಬ್ಬರು. 1995ರಲ್ಲಿ ಬಂದ 'ಟಾಯ್ ಸ್ಟೋರಿ' ಚಿತ್ರವನ್ನು ನೀವು ನೋಡಿರಬಹುದು. ಪೂರ್ತಿ ಗಣಕದಲ್ಲೇ ತಯಾರಾದ ಆ ಮೊದಲ ಪೂರ್ಣಪ್ರಮಾಣದ ಚಿತ್ರದ ಚೌಕಟ್ಟುಗಳನ್ನು ರೂಪಿಸಿದ್ದು ಇದೇ ಮನೆತನದ 117 ಸ್ಪಾರ್ಕ್‌ಸ್ಟೇಷನ್ 20 ಯಂತ್ರಗಳು. ಅಂಥ ವಂಶದ ಯಂತ್ರ ಕಿಲೋ ಲೆಕ್ಕದಲ್ಲಿ ಗುಜರಿಗೆ ಬಿದ್ದಿತ್ತು.

ಅದಕ್ಕೆ ಹೊಂದುವ ಕೀಲಿಮಣೆ, ಪರದೆ ನಮ್ಮಲ್ಲಿರಲಿಲ್ಲ. ಆದರೆ ಈ ಯಂತ್ರಗಳಲ್ಲಿ ಒಂದು ಸೌಕರ್ಯವಿದೆ. ಕೀಲಿಮಣೆ ಇಲ್ಲದಿದ್ದರೆ ಅವು ಹಿಂಬದಿಯ ಸೀರಿಯಲ್ ಕಿಂಡಿಯ ಮೂಲಕ ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ ಮಾತಾಡುತ್ತವೆ. ಒಂದು ಲ್ಯಾಪ್‌ಟಾಪ್ ಜೋಡಿಸಿ ಸ್ವಿಚ್ ಹಾಕಿದೆವು. ತನ್ನ ಗುರುತಿನ ದಾಖಲೆ ಅಸಿಂಧುವಾಗಿದೆ ಎಂದು ಯಂತ್ರ ಹೇಳಿತು. ಮುಂದೆ ಹೋಗದೆ, ಅಪ್ಪಣೆಗಾಗಿ ಕಾಯುತ್ತಾ 'ಓಕೆ' ಎಂದು ನಿಂತಿತು.

ಪಿ.ಸಿ. ತಾರೀಕನ್ನು ಮರೆಯುತ್ತದೆ. ಈ ವರ್ಕ್‌ಸ್ಟೇಷನ್ ತನ್ನ ಹೆಸರನ್ನೇ ಮರೆಯುತ್ತದೆ. ಜಾಲಕ್ಕೆ ಸೇರುವ ಪ್ರತಿ ಯಂತ್ರಕ್ಕೂ ಜಗತ್ತಿನಲ್ಲಿ ಬೇರಾವುದಕ್ಕೂ ಇಲ್ಲದ ಆರು ಬೈಟಿನ ವಿಳಾಸವಿರಬೇಕು. ಸನ್ ಕಂಪನಿ ಅದನ್ನೂ, ಯಂತ್ರದ ಕ್ರಮಸಂಖ್ಯೆಯನ್ನೂ ಗಡಿಯಾರವಿದ್ದ ಚಿಪ್ಪಿನಲ್ಲೇ ಇಟ್ಟಿತ್ತು. ಬೆಲೆಬಾಳುವ ಎಷ್ಟೋ ತಂತ್ರಾಂಶಗಳು ಆ ಕ್ರಮಸಂಖ್ಯೆ ಸರಿಯಿದ್ದರೆ ಮಾತ್ರ ತೆರೆದುಕೊಳ್ಳುತ್ತಿದ್ದವು. ಸೆಲ್ ಸತ್ತರೆ ಎಲ್ಲವೂ ಹೋಯಿತು.

ಇಷ್ಟಾದರೆ ಸೆಲ್ ಬದಲಿಸಿದರಾಯಿತು ಅನ್ನಬಹುದು. ಆದರೆ ಸೆಲ್ ಎಲ್ಲಿ? ಹುಡುಗರು ಬೋರ್ಡನ್ನೆಲ್ಲ ಹುಡುಕಿದರು, ಕಾಣಲಿಲ್ಲ. 28 ಕಾಲಿನ ಒಂದು ಚಿಪ್ ಮಾತ್ರ ಉಳಿದವುಗಳಿಗಿಂತ ದಪ್ಪಗಿತ್ತು. ಸೆಲ್ ಇದ್ದುದು ಅದರ ಹೊಟ್ಟೆಯೊಳಗೆ! ಲೀಥಿಯಂ ಸೆಲ್, ಗಡಿಯಾರದ ಸ್ಫಟಿಕ ಎರಡನ್ನೂ ಚಿಪ್ಪಿನ ಬೆನ್ನ ಮೇಲಿಟ್ಟು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಬಿಟ್ಟಿದ್ದರು. ಹತ್ತು ವರ್ಷ ಬಾಳಲಿ ಎಂದು ಮಾಡಿದ ವಸ್ತು. ಮೂವತ್ತು ವರ್ಷದ ಮೇಲೆ ಯಾರೋ ಬಿಚ್ಚಿ ನೋಡುತ್ತಾರೆಂದು ಮಾಡಿದವರು ಎಣಿಸಿರಲಿಕ್ಕಿಲ್ಲ. ಪುಣ್ಯಕ್ಕೆ ಚಿಪ್ಪನ್ನು ಬೆಸೆದಿರಲಿಲ್ಲ, ಸಾಕೆಟ್ಟಿನಲ್ಲಿ ಕೂರಿಸಿದ್ದರು.

ಇದಕ್ಕೆ ರಿಪೇರಿಯವರು ಬಳಸುವ ಉಪಾಯ ಒಂದು ಬಗೆಯ ಶಸ್ತ್ರಚಿಕಿತ್ಸೆ. ಚಿಪ್ಪಿನ ಒಂದು ತುದಿಯಲ್ಲಿ ಸೆಲ್ಲಿನ ಕಾಲುಗಳು, ಇನ್ನೊಂದು ತುದಿಯಲ್ಲಿ ಸ್ಫಟಿಕದ ಕಾಲುಗಳು ಇರುತ್ತವೆ. ಸೆಲ್ಲಿನ ಕಡೆ ಸಣ್ಣ ಅರದಿಂದ ಪ್ಲಾಸ್ಟಿಕ್ಕನ್ನು ಮೆಲ್ಲಗೆ ಉಜ್ಜಿ, ಸತ್ತ ಸೆಲ್ಲಿನ ಸಂಪರ್ಕ ಕಡಿದು, ಎರಡು ತಂತಿ ಬೆಸೆದು ಹೊರಗೆ ಹೊಸ ಬಟನ್ ಸೆಲ್ಲಿನ ಹೋಲ್ಡರ್ ಕೂರಿಸುವುದು. ಮುಂದೆ ಸೆಲ್ ಸತ್ತರೆ ಎರಡು ನಿಮಿಷದ ಕೆಲಸ.

ಮೊದಲ ಪ್ರಯತ್ನದಲ್ಲಿ ನಾನೇ ಎಡವಿದೆ. ಅವಸರದಲ್ಲಿ ತಪ್ಪು ತುದಿಯನ್ನು ಉಜ್ಜಿ ಸ್ಫಟಿಕದ ಕಾಲನ್ನೇ ಕತ್ತರಿಸಿಬಿಟ್ಟೆ. ಗಡಿಯಾರ ಶಾಶ್ವತವಾಗಿ ನಿಂತಿತು. ಮಕ್ಕಳೆದುರು ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ಅದೇ ಬಗೆಯ ಇನ್ನೊಂದು ಹಳೆಯ ಚಿಪ್ ಹುಡುಕಿ ತಂದೆ. ಎರಡನೆಯ ಸಲ ಅರ ಹಿಡಿದದ್ದು ಹತ್ತನೆಯ ತರಗತಿಯ ಹುಡುಗ. ಅವನ ಕೈ ನಡುಗಲಿಲ್ಲ.

ಮೆಟ್ಟಿಲ ಸ್ವಿಚ್ಚಿನ ಗಣಿತ

ಈಗ ಯಂತ್ರಕ್ಕೆ ಅದರ ಹೆಸರನ್ನು ಮತ್ತೆ ಹೇಳಿಕೊಡಬೇಕು. ಆ ಗುರುತಿನ ದಾಖಲೆ 16 ಬೈಟ್ ಉದ್ದ. ಮೊದಲನೆಯದು ದಾಖಲೆಯ ಮಾದರಿ, ಎರಡನೆಯದು ಯಂತ್ರದ ಜಾತಿ, ಮುಂದಿನ ಆರು ಜಾಲದ ವಿಳಾಸ, ನಾಲ್ಕು ತಯಾರಾದ ದಿನ, ಮೂರು ಕ್ರಮಸಂಖ್ಯೆ. ಕೊನೆಯದು ಉಳಿದ 15 ಬೈಟುಗಳೂ ಸರಿಯಿವೆಯೇ ಎಂದು ಪರೀಕ್ಷಿಸುವ ತಾಳೆ ಬೈಟ್. ಪಿ.ಸಿ.ಗಳ ಪರದೆಯಲ್ಲಿ ಕಾಣುವ 'ಚೆಕ್‌ಸಮ್ ಎರರ್' ಎಂಬ ಮಾತು ಇಂಥ ತಾಳೆಯನ್ನೇ ಕುರಿತದ್ದು.

ಈ ತಾಳೆ ಬೈಟನ್ನು ಲೆಕ್ಕ ಹಾಕುವ ವಿಧಾನ ನಿಮ್ಮ ಮನೆಯ ಮಹಡಿ ಮೆಟ್ಟಿಲಿನಲ್ಲೇ ಇದೆ. ಕೆಳಗೊಂದು, ಮೇಲೊಂದು ಸ್ವಿಚ್. ನಡುವೆ ಒಂದೇ ದೀಪ. ಯಾವುದೇ ಒಂದು ಸ್ವಿಚ್ ಬದಲಿಸಿದರೂ ದೀಪದ ಸ್ಥಿತಿ ಬದಲಾಗುತ್ತದೆ. ಎರಡನ್ನೂ ಬದಲಿಸಿದರೆ ಮೊದಲಿನಂತೆಯೇ ಇರುತ್ತದೆ. ಅದೇ ನಿಯಮ ಇಲ್ಲಿಯೂ. 15 ಬೈಟುಗಳನ್ನು ಒಂದು ಮತ್ತು ಸೊನ್ನೆಗಳಲ್ಲಿ ಒಂದರ ಕೆಳಗೊಂದು ಬರೆಯಿರಿ. ಪ್ರತಿ ಕಂಬಸಾಲಿನಲ್ಲಿ ಎಷ್ಟು ಒಂದುಗಳಿವೆ ಎಣಿಸಿ. ಬೆಸವಾದರೆ ಕೆಳಗೆ 1, ಸಮವಾದರೆ 0. ಎಂಟು ಕಂಬಸಾಲು ಮುಗಿದಾಗ ತಾಳೆ ಬೈಟ್ ಸಿದ್ಧ. ಮಕ್ಕಳು ಕರಿಹಲಗೆಯ ಮೇಲೆ ಇದನ್ನು ಮಾಡಿದರು. ಮೊದಲ ಸಲ ಒಂದು ಕಂಬಸಾಲು ತಪ್ಪಿ ಯಂತ್ರ ಒಪ್ಪಲಿಲ್ಲ. ಎರಡನೆಯ ಸಲ ಒಪ್ಪಿತು.

ನಾವು ಕೊಟ್ಟಿದ್ದು ತಾತ್ಕಾಲಿಕ ಹೆಸರು. ವ್ಯವಸ್ಥೆಯ ಸಿ.ಡಿ. ಹಾಕಿ ಯಂತ್ರವನ್ನು ಎಬ್ಬಿಸಿ, ಡಿಸ್ಕಿನಲ್ಲಿ ಉಳಿದಿದ್ದ ಹಳೆಯ ದಿನಚರಿಯ ಕಡತ ತೆರೆದೆವು. ಪ್ರತಿ ಸಲ ಏಳುವಾಗಲೂ ಯಂತ್ರ ತನ್ನ ವಿಳಾಸವನ್ನು ಅಲ್ಲಿ ಬರೆದುಕೊಳ್ಳುತ್ತಿತ್ತು. ಸನ್ ಯಂತ್ರಗಳ ವಿಳಾಸಕ್ಕೆ ರೂಢಿಯಾದ ಎಂಟು, ಸೊನ್ನೆ, ಇಪ್ಪತ್ತು ಎಂಬ ಆರಂಭ. ಮುಂದಿನ ಮೂರು ಬೈಟುಗಳೂ ಸ್ಪಷ್ಟವಾಗಿದ್ದವು. ಈ ಬಗೆಯ ಯಂತ್ರಗಳಲ್ಲಿ ಕ್ರಮಸಂಖ್ಯೆಯೂ ಆ ಕೊನೆಯ ಮೂರು ಬೈಟುಗಳೇ. ತಾಳೆ ಹಾಕಿ ಮತ್ತೆ ಬರೆದೆವು. ಯಂತ್ರ ತನ್ನ ಹುಟ್ಟಿನ ಹೆಸರಿನಲ್ಲೇ ಎದ್ದಿತು. ಹುಡುಗರು ಚಪ್ಪಾಳೆ ತಟ್ಟಿದರು.

ಒಂದು ಸೆಕೆಂಡಿನ ಬೆಲೆ

ಆ ಪುಟ್ಟ ಸ್ಫಟಿಕದ ಬಗ್ಗೆ ಒಂದು ಮಾತು. ಗಣಕದ್ದಿರಲಿ, ಗೋಡೆಯ ಕ್ವಾರ್ಟ್ಸ್ ಗಡಿಯಾರದ್ದಿರಲಿ, ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆ ಏಕೆ? ಅರ್ಧ ಮಾಡುತ್ತಾ ಹೋಗಿ: 16,384, 8,192, 4,096... ಹದಿನೈದನೆಯ ಸಲಕ್ಕೆ ಸರಿಯಾಗಿ 1 ಸಿಗುತ್ತದೆ. ಅರ್ಧ ಮಾಡುವುದು ಚಿಪ್ಪಿಗೆ ಅತಿ ಸುಲಭದ ಕೆಲಸ. ಇಂಥ ಸ್ಫಟಿಕದಲ್ಲಿ ಹತ್ತು ಲಕ್ಷಕ್ಕೆ 20 ಪಾಲು ದೋಷವಿದ್ದರೆ ದಿನಕ್ಕೆ ಸುಮಾರು 1.7 ಸೆಕೆಂಡ್ ತಪ್ಪುತ್ತದೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ನಿಮಿಷ.

ಅಷ್ಟಕ್ಕೆ ಏನಾದೀತು ಎನ್ನಬೇಡಿ. ಗೌರಿಬಿದನೂರಿನ ಬಳಿ 1960ರ ದಶಕದಿಂದ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲು ಇದೆ. ದೂರದ ಭೂಕಂಪ, ಭೂಗರ್ಭದ ಅಣುಸ್ಫೋಟಗಳ ಕಂಪನವನ್ನು ಅದು ಹಿಡಿಯುತ್ತದೆ. ನೆಲದಾಳದಲ್ಲಿ ಮೊದಲ ಅಲೆ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ಓಡುತ್ತದೆ. ಗಡಿಯಾರ ಒಂದು ಸೆಕೆಂಡ್ ತಪ್ಪಿದರೆ ಲೆಕ್ಕ 8 ಕಿಲೋಮೀಟರಿನಷ್ಟು ತಪ್ಪುತ್ತದೆ. ಅದೇ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದಲ್ಲಿ 1976ರಿಂದ ಆಕಾಶದ ರೇಡಿಯೋ ಅಲೆಗಳ ಅಧ್ಯಯನ ನಡೆದಿದೆ. ಅಲ್ಲಿ 34.5 ಮೆಗಾಹರ್ಟ್ಸ್ ಅಲೆಗಳಿಗಾಗಿ ಕಟ್ಟಿದ ದೂರದರ್ಶಕದಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ 1,000 ಆಂಟೆನಾಗಳಿದ್ದವು. ಭೂಮಿ ತಿರುಗುತ್ತಿರುತ್ತದೆ, ಯಾವ ಕ್ಷಣದಲ್ಲಿ ಆಕಾಶದ ಯಾವ ಭಾಗ ನೆತ್ತಿಯ ಮೇಲಿತ್ತು ಎಂಬುದು ಗಡಿಯಾರದಿಂದಲೇ ತಿಳಿಯಬೇಕು. ಕಾಲದ ಲೆಕ್ಕ ತಪ್ಪಿದರೆ ಭೂಮಿಯ ಲೆಕ್ಕವೂ ತಪ್ಪು, ಆಕಾಶದ ಲೆಕ್ಕವೂ ತಪ್ಪು.

ಮನೆಯವರ ಗಮನಕ್ಕೆ

ಇದನ್ನೋದಿ ಮಕ್ಕಳು ಸ್ಕ್ರೂಡ್ರೈವರ್ ಹಿಡಿದರೆ ಗದರಬೇಡಿ. ಆದರೆ ಜೊತೆಯಲ್ಲಿ ಕುಳಿತುಕೊಳ್ಳಿ. ಕೆಲವು ನಿಯಮಗಳನ್ನು ಮೀರಲೇಬಾರದು.

ಮೊದಲು ಗೋಡೆಯಿಂದ ಪ್ಲಗ್ ಕೀಳಬೇಕು. ಲ್ಯಾಪ್‌ಟಾಪನ್ನು ಮಕ್ಕಳು ಬಿಚ್ಚುವುದು ಬೇಡ. ಪವರ್ ಸಪ್ಲೈ ಡಬ್ಬಿಯನ್ನೂ ಹಳೆಯ ಟಿ.ವಿ.ಯಂಥ ದಪ್ಪ ಮಾನಿಟರನ್ನೂ ಎಂದೂ ತೆರೆಯಬಾರದು. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಬೋರ್ಡು ಮುಟ್ಟುವ ಮೊದಲು ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಳ್ಳಬೇಕು. ಮಲ್ಟಿಮೀಟರಿನಲ್ಲಿ ಹೊಸ ಸೆಲ್ 3 ವೋಲ್ಟಿಗಿಂತ ತುಸು ಹೆಚ್ಚು ತೋರಿಸುತ್ತದೆ, 2.7ಕ್ಕಿಂತ ಇಳಿದಿದ್ದರೆ ಬದಲಿಸಿ. ಹೊಸದನ್ನು ಹಾಕುವಾಗ ಅಧಿಕ ಚಿಹ್ನೆ ಇರುವ ಮುಖ ಮೇಲಿರಲಿ. ಸೆಲ್ಲಿನ ಮೈಗೆ ನೇರವಾಗಿ ಬೆಸುಗೆ ಹಾಕಬೇಡಿ, ಸಿಡಿಯುತ್ತದೆ. ಸೋರಿದ ಬ್ಯಾಟರಿಯಾದರೆ ಕೈಗವಸು, ಕನ್ನಡಕ ಕಡ್ಡಾಯ.

ಎಲ್ಲಕ್ಕಿಂತ ಮುಖ್ಯವಾದದ್ದು: ಹಳೆಯ ಬಟನ್ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಗಣಕಕ್ಕೆ ಸಾಲದ ಸೆಲ್ಲಿನಲ್ಲೂ ಮಗುವಿನ ಗಂಟಲನ್ನು ಸುಡುವಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಗಂಭೀರ ಗಾಯವಾಗಬಹುದು. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸುವ ಪ್ರಯತ್ನ ಮಾಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸತ್ತ ಸೆಲ್ಲುಗಳ ಎರಡೂ ಮುಖಕ್ಕೆ ಅಂಟುಪಟ್ಟಿ ಸುತ್ತಿ ಮುಚ್ಚಳವಿರುವ ಡಬ್ಬದಲ್ಲಿ ಹಾಕಿಡಿ. ಇವನ್ನು ಕಸದ ಬುಟ್ಟಿಗೆ ಎಸೆಯುವುದೂ ಸಲ್ಲದು. ದೇಶದಲ್ಲಿ 2022ರಿಂದ ಬ್ಯಾಟರಿ ತ್ಯಾಜ್ಯಕ್ಕೆಂದೇ ಪ್ರತ್ಯೇಕ ನಿಯಮಗಳಿವೆ. ಶಾಲೆಯಲ್ಲೊಂದು ಡಬ್ಬ ಇಟ್ಟು, ತುಂಬಿದಾಗ ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸುವುದು ಸರಿಯಾದ ದಾರಿ.

ಬಿಚ್ಚಿ ನೋಡುವ ಧೈರ್ಯ

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ ಭೌತಶಾಸ್ತ್ರದ ಮೇಷ್ಟ್ರಾಗಿ ಬೆಳೆದ ಎಚ್. ನರಸಿಂಹಯ್ಯನವರು ಜೀವನವಿಡೀ ಹೇಳಿದ್ದು ಪ್ರಶ್ನಿಸದೆ ಒಪ್ಪಬೇಡಿ ಎಂಬುದನ್ನೇ. ಪವಾಡಗಳಿಗೆ ಅನ್ವಯಿಸಿದ ಆ ಮಾತು 'ಕೆಟ್ಟಿದೆ' ಎಂಬ ಚೀಟಿಗೂ ಅನ್ವಯಿಸುತ್ತದೆ. ಯಾರು ಹೇಳಿದರು ಕೆಟ್ಟಿದೆ ಎಂದು? ಏನು ಕೆಟ್ಟಿದೆ? ಅಳೆದು ನೋಡಿದಿರಾ?

ಹುಷಾರಾಗಿರಬೇಕಾದ ಇನ್ನೊಂದು ದಿನವೂ ಬರಲಿದೆ. ಆ ವರ್ಕ್‌ಸ್ಟೇಷನ್ನಿನಂಥ ಯಂತ್ರಗಳು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. 32 ಬಿಟ್ ಜಾಗದಲ್ಲಿ ಎಣಿಸುವಂಥವು 2038ರ ಜನವರಿ 19ರ ಬೆಳಿಗ್ಗೆ, ನಮ್ಮ ಸಮಯ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, 214,74,83,647ನೆಯ ಸೆಕೆಂಡನ್ನು ಮುಟ್ಟಿ ಎಣಿಕೆ ತಪ್ಪುತ್ತವೆ. ಆ ಹೊತ್ತಿಗೆ ನಾನು ನಿವೃತ್ತನಾಗಿರುತ್ತೇನೆ. ಇಂದು ಎಂಟು, ಒಂಬತ್ತನೆಯ ತರಗತಿಯಲ್ಲಿರುವವರು ಅದನ್ನು ಸರಿಪಡಿಸುವ ಕೆಲಸದಲ್ಲಿರಬಹುದು.

ಅಂದು ಅರ್ಜಿ ಹಾಕಿದ ಹುಡುಗಿಗೆ ವಿದ್ಯಾರ್ಥಿವೇತನ ಬಂತು. ಈಗ ಗಣಕ ಕೊಠಡಿಯ ಸೆಲ್ಲುಗಳ ಜವಾಬ್ದಾರಿ ಅವಳದೇ. ಪ್ರತಿ ಪೆಟ್ಟಿಗೆಯ ಮೇಲೂ ಸೆಲ್ ಹಾಕಿದ ತಾರೀಕನ್ನು ಬರೆದ ಚೀಟಿ ಅಂಟಿಸಿದ್ದಾಳೆ. ಐದು ವರ್ಷವಾದರೆ ಬದಲಿಸಬೇಕು ಎಂದು ಅದರ ಕೆಳಗೊಂದು ಸಾಲು. ನಿಮ್ಮ ಶಾಲೆಯ ಉಗ್ರಾಣದಲ್ಲೂ ಮುಸುಕು ಹೊದ್ದ ಗಣಕಗಳಿದ್ದರೆ, ಗುಜರಿಯವನನ್ನು ಕರೆಯುವ ಮೊದಲು ಒಮ್ಮೆ ಅವುಗಳ ತಾರೀಕು ನೋಡಿ.